ಬೆಂಚಿನ ಮೇಲೆ ಅಕ್ಕ ತಮ್ಮ

ಟೇಲರಕ್ಕನನ್ನು ಶಾಲೆಯ ಆಡಳಿತ ಮಂಡಳಿಗೆ ಸೇರಿಸಿಕೊಂಡಾಗ ಅವಳು ಮೊದಲು ಕೇಳಿದ್ದು, ಅಲ್ಲಿ ಮಾತಾಡಲೇಬೇಕೇ ಎಂದು. ಮಾತಾಡದಿದ್ದರೂ ನಡೆಯುತ್ತದೆ, ಕೈ ಎತ್ತಿದರೆ ಸಾಕು ಎಂದರು ಪೋಸ್ಟ್‌ಮಾಸ್ಟರು. ಅವರು ಮಂಡಳಿಯ ಅಧ್ಯಕ್ಷರು. ಅಂಚೆ ಕೆಲಸ ಅವರನ್ನು ಬಿಟ್ಟು ಎಷ್ಟೋ ಕಾಲವಾಗಿದ್ದರೂ ಆ ಹೆಸರು ಬಿಟ್ಟಿರಲಿಲ್ಲ. ಕೈ ಎತ್ತುವುದೇನು ಮಹಾ, ದಿನವಿಡೀ ಜನರಿಗೆ ಕೈ ಎತ್ತಿಸಿ ಅಳತೆ ತೆಗೆಯುವವಳು ನಾನು, ಒಂದು ದಿನ ನಾನೇ ಎತ್ತಿದರಾಯಿತು ಎಂದುಕೊಂಡು ಅವಳು ಒಪ್ಪಿದಳು.

ಮಾತು ಕಡಿಮೆ ಎಂದರೆ ಅವಳಿಗೆ ಮಾತು ಬರುವುದಿಲ್ಲವೆಂದಲ್ಲ. ಬಾಯಲ್ಲಿ ಯಾವಾಗಲೂ ಗುಂಡುಪಿನ್ನು ಇರುತ್ತಿತ್ತು, ಅಷ್ಟೇ. ಅಂಗಡಿ ಎಂದರೆ ಒಂದು ಕಿಟಕಿ, ಎರಡು ಮೆಷೀನು, ಮೊಳೆಗೆ ನೇತುಹಾಕಿದ ಕಾಗದದ ಮಾದರಿಗಳು, ಕಾಲಿಟ್ಟಲ್ಲೆಲ್ಲ ಬಟ್ಟೆಯ ಚೂರು. ಬೇಡದ ಪ್ರಶ್ನೆ ಯಾರಾದರೂ ಕೇಳಿದರೆ ಅವಳು ನಾಲ್ಕು ಪಿನ್ನು ತೆಗೆದು ತುಟಿಗೆ ಕಚ್ಚಿಕೊಳ್ಳುತ್ತಿದ್ದಳು. ಪಿನ್ನು ಕಚ್ಚಿಕೊಂಡವಳನ್ನು ಮಾತಾಡಿಸಿ ನುಂಗಿಸಿಬಿಟ್ಟರೆ ಪಾಪ ಯಾರಿಗೆ? ಕೇಳಿದವರೇ ಸುಮ್ಮನಾಗುತ್ತಿದ್ದರು. ಗಂಡ ತೀರಿಕೊಂಡಾಗಲೂ ಅಷ್ಟೇ, ಹದಿನೈದು ದಿನ ಪಿನ್ನು ಕಚ್ಚಿಕೊಂಡೇ ಇದ್ದಳು, ಆಮೇಲೆ ಮೆಷೀನಿಗೆ ಎಣ್ಣೆ ಬಿಟ್ಟು ಕೂತಳು. ಮಗಳು ಅಳಿಯ ಕಾರ್ಖಾನೆಯ ಪಾಳಿಗೆ ಹೋಗುವವರು, ಆದ್ದರಿಂದ ಮೊಮ್ಮಗಳು ಹೆಚ್ಚಾಗಿ ಅಜ್ಜಿಯ ಅಂಗಡಿಯಲ್ಲೇ ಬೆಳೆದಳು. ಬೆಳಿಗ್ಗೆ ಶಾಲೆಯ ಹಳದಿ ಬಸ್ಸು ಅಂಗಡಿ ಮುಂದೆಯೇ ನಿಲ್ಲುತ್ತಿತ್ತು. ಶಾಲೆ ಊರಾಚೆ ದಿಬ್ಬದ ಮೇಲೆ. ಹೋಗುವಾಗ ಏರು, ಬರುವಾಗ ಇಳಿಜಾರು, ಇಳಿಜಾರಿನ ಕೊನೆಗೆ ಒಂದು ಕೆಟ್ಟ ತಿರುವು. ಆ ತಿರುವನ್ನು ನೆನಪಿಟ್ಟುಕೊಳ್ಳಿ.

ಮಂಡಳಿಗೆ ಒಂದು ನಿಯಮವಿತ್ತು. ಹಿಂದಿನ ಕಾಲದ ಅಧ್ಯಕ್ಷರೊಬ್ಬರು ಶಾಲೆಯ ಚಾವಣಿ ಕೆಲಸವನ್ನು ತಮ್ಮ ಅಳಿಯನಿಗೇ ಕೊಡಿಸಿದ್ದರು, ಕೈ ಎತ್ತುವಾಗ ಮೊದಲ ಕೈಯೂ ಅವರದೇ. ಆ ವರ್ಷದ ಮಳೆಯಲ್ಲಿ ಮಕ್ಕಳು ಕೊಡೆ ಬಿಚ್ಚಿಕೊಂಡು ಮಗ್ಗಿ ಹೇಳಿದವು. ಅಂದಿನಿಂದ ಬಂದ ನಿಯಮ ಅದು: ಸದಸ್ಯರಿಗೋ ಅವರ ಮನೆಯವರಿಗೋ ಸಂಬಂಧಪಟ್ಟ ವಿಷಯ ಬಂದರೆ ಅವರು ಎದ್ದು ನಿಂತು ಸಂಬಂಧ ಹೇಳಬೇಕು, ಹೊರಗೆ ಹೋಗಬೇಕು, ಕರೆಯುವವರೆಗೆ ಒಳಗೆ ಕಾಲಿಡಬಾರದು. ಹೊರಗೆಂದರೆ ಬಾಗಿಲ ಪಕ್ಕದ ಮರದ ಬೆಂಚು. ತುಂಟ ಮಕ್ಕಳನ್ನು ಕೂರಿಸುವುದು ಅಲ್ಲೇ, ಕೆಲಸ ಕೇಳಿಕೊಂಡು ಬಂದವರು ಕಾಯುವುದೂ ಅಲ್ಲೇ, ಎದ್ದುಬಂದ ಸದಸ್ಯರು ಕೂರುವುದೂ ಅಲ್ಲೇ.

ನಿಯಮವೇನೋ ಚೆನ್ನಾಗಿತ್ತು, ಪಾಲಿಸುವವರು ಮಾತ್ರ ನಮ್ಮಂಥವರು. ಎದ್ದುಹೋದವರ ಕುರ್ಚಿ ಖಾಲಿಯಾಗಿ ಎದುರಿಗಿದ್ದರೆ ಉಳಿದವರಿಗೆ ದಾಕ್ಷಿಣ್ಯ ಉಕ್ಕಿ ಬರುತ್ತಿತ್ತು. ಕುರ್ಚಿಯಲ್ಲಿ ಮನುಷ್ಯ ಇದ್ದರೆ ಅವನ ಜೊತೆ ಜಗಳವಾದರೂ ಆಡಬಹುದು, ಖಾಲಿ ಕುರ್ಚಿಯ ಜೊತೆ ಆಡುವುದು ಹೇಗೆ? ಪಾಪ, ಎಷ್ಟು ಮರ್ಯಾದೆಯಿಂದ ಎದ್ದು ಹೋದರು, ನಾವು ಇಲ್ಲ ಅನ್ನೋಕಾಗುತ್ತಾ ಎಂದು ಎಲ್ಲರೂ ಕೈ ಎತ್ತಿಬಿಡುತ್ತಿದ್ದರು. ಪೋಸ್ಟ್‌ಮಾಸ್ಟರ ಅಣ್ಣನ ಮಗ ಕರಿಹಲಗೆಗೆ ಬಣ್ಣ ಬಳಿದದ್ದು ಹಾಗೆಯೇ. ಪೋಸ್ಟ್‌ಮಾಸ್ಟರು ಬೆಂಚಿನ ಮೇಲೆ, ಒಳಗೆ ಎಲ್ಲರ ಕೈ ಮೇಲೆ. ಅವನು ಬಳಿದ ಬಣ್ಣ ಕನ್ನಡಿಯ ಹಾಗೆ ಹೊಳೆದು, ಮಕ್ಕಳಿಗೆ ಅಕ್ಷರ ಕಾಣದೆ ಮೇಷ್ಟ್ರ ಬೆನ್ನೇ ಕಾಣುತ್ತಿತ್ತು. ಯಾರೂ ಒಂದು ಮಾತು ಎತ್ತಲಿಲ್ಲ. ಟೇಲರಕ್ಕನ ಸರದಿಯೂ ಬಂತು. ಸಮವಸ್ತ್ರ ಹೊಲಿಯುವವಳು ಅವಳೇ, ಆ ಮಾತು ಬಂದಾಗ ಎದ್ದು ಹೋಗಿ ಬೆಂಚಿನ ಮೇಲೆ ಕೂತಳು. ಕೂತ ಜಾಗ ಬೆಚ್ಚಗಾಗುವ ಮೊದಲೇ ಒಳಗಿಂದ ಕರೆ ಬಂತು. ಆ ವರ್ಷ ದಾರ ಕಳಪೆಯದು, ಅರ್ಧ ಮಕ್ಕಳ ಕಂಕುಳ ಹೊಲಿಗೆ ಬಿಚ್ಚಿಕೊಂಡಿತು, ಅವಳಿಗೇ ನಾಚಿಕೆಯಾಗಿ ಎಲ್ಲವನ್ನೂ ತಿರುಗಿ ಹೊಲಿದು ಕೊಟ್ಟಳು. ಮಂಡಳಿಯವರು ಮಾತ್ರ ಕಂಡರೂ ಕಾಣದವರ ಹಾಗಿದ್ದರು. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಅನ್ನುವುದು ಸುಳ್ಳಲ್ಲ. ಆ ಬೆಂಚಿಗೆ ಹೋಗಿ ಕೂತವರ ಕೆಲಸ ಆದಂತೆಯೇ ಲೆಕ್ಕ, ಅದು ಊರಿಗೆಲ್ಲ ಗೊತ್ತಿತ್ತು.

ಇನ್ನು ತಮ್ಮನ ವಿಷಯ.

ಅವನಿಗೆ ಊರು ಇಟ್ಟ ಹೆಸರು ಪೋಂಪೋಂ. ಚಿಕ್ಕವನಿದ್ದಾಗ ಪಾತ್ರೆಯ ಮುಚ್ಚಳ ಹಿಡಿದು ಅದನ್ನೇ ಸ್ಟೇರಿಂಗು ಮಾಡಿಕೊಂಡು, ಬಾಯಲ್ಲೇ ಹಾರ್ನು ಹೊಡೆಯುತ್ತ ಮನೆಯೆಲ್ಲ ಓಡುತ್ತಿದ್ದ. ಅಮ್ಮ ಲಾಂಡ್ರಿಗೆ ಕೆಲಸಕ್ಕೆ ಹೋಗುವವಳು. ಹೊಸಿಲು ದಾಟುವಾಗ ದಿನಾ ಒಂದೇ ಮಾತು, "ಅವನನ್ನ ರಸ್ತೆಗೆ ಬಿಡಬೇಡ ಕಣೇ." ಇನ್ನೂ ಹುಡುಗಿಯಾಗಿದ್ದ ಅಕ್ಕ ಆಗಲೇ ಹೊಲಿಗೆ ಕಲಿಯುತ್ತಿದ್ದಳು. ಒಂದು ಕಣ್ಣು ಸೂಜಿಯ ಮೇಲೆ, ಇನ್ನೊಂದು ತಮ್ಮನ ಮೇಲೆ ಇಡಲಾಗದೆ ಉಪಾಯ ಮಾಡಿದಳು: ಬಟ್ಟೆಯ ಉದ್ದ ಪಟ್ಟಿಯೊಂದನ್ನು ಅವನ ನಡುವಿಗೆ ಕಟ್ಟಿ, ಇನ್ನೊಂದು ತುದಿಯನ್ನು ಮೆಷೀನಿನ ಕಾಲಿಗೆ ಕಟ್ಟಿದಳು. ಪಟ್ಟಿ ಎಷ್ಟು ಉದ್ದವೋ ಅಷ್ಟೇ ಅವನ ರಸ್ತೆ. ದೊಡ್ಡವನಾದ ಮೇಲೆ ಪಟ್ಟಿ ಬಿಚ್ಚಿಕೊಂಡು ನಿಜವಾದ ಗಾಡಿಯನ್ನೇ ಹಿಡಿದ. ಸಾಮಾನು ಸಾಗಿಸುವ ವ್ಯಾನು ಓಡಿಸುತ್ತಿದ್ದ, ಕೈ ಒಳ್ಳೆಯದು, ಬಾಯಿ ಅದಕ್ಕಿಂತ ಒಳ್ಳೆಯದು. ನಗದೆ ಇದ್ದವರನ್ನು ನಗಿಸಿಯೇ ಇಳಿಸುತ್ತಿದ್ದ.

ಒಂದು ದಿನ ಸಮವಸ್ತ್ರದ ಬಟ್ಟೆ ತರಲು ಅಕ್ಕ ಅವನ ವ್ಯಾನಿನಲ್ಲಿ ಪಕ್ಕದ ಊರಿಗೆ ಹೋಗಿದ್ದಳು. ಹಿಂದೆ ನೀಲಿ ಬಟ್ಟೆಯ ಥಾನುಗಳು, ಮುಂದೆ ಅಕ್ಕ ತಮ್ಮ. ದಾರಿಯುದ್ದಕ್ಕೂ ಅವನ ಹರಟೆ. ಸೇತುವೆ ಹತ್ತಿದಾಗ ಒಂದು ನಾಯಿಯ ಮಾತು ನಡೆದಿತ್ತು.

"ಬೇಕರಿ ಮುಂದೆ ಆ ಕುಂಟು ನಾಯಿ ಇದೆಯಲ್ಲಕ್ಕಾ, ಅದು ನನ್ನ ಗಾಡಿ ಸದ್ದು ಕೇಳಿದ್ರೆ ಸಾಕು…"

ಅಲ್ಲಿಗೆ ಮಾತು ನಿಂತಿತು. ಮುಂದೇನು ಹೇಳುತ್ತಾನೋ ಎಂದು ಅವಳು ನಗುವುದಕ್ಕೆ ಸಿದ್ಧಳಾಗಿ ಅವನ ಕಡೆ ತಿರುಗಿದಳು. ಅವನ ಕಣ್ಣು ತೆರೆದೇ ಇತ್ತು. ಕೈ ಸ್ಟೇರಿಂಗಿನ ಮೇಲೆಯೇ ಇತ್ತು. ಅವನು ಮಾತ್ರ ಅಲ್ಲಿರಲಿಲ್ಲ. ದೀಪ ಹಚ್ಚಿಟ್ಟು ಮನೆಯವರೆಲ್ಲ ಎದ್ದುಹೋದ ಮನೆಯ ಹಾಗಿತ್ತು ಆ ಮುಖ. ತುಟಿ ಮೆಲ್ಲಗೆ ಏನೋ ಚಪ್ಪರಿಸುತ್ತಿತ್ತು. ವ್ಯಾನು ತನ್ನ ಪಾಡಿಗೆ ತಾನು ಸೇತುವೆಯ ಕಬ್ಬಿಣದ ಕಟಕಟೆಯ ಕಡೆಗೆ ವಾಲಿತು. ಪುಟ್ಟ, ಪುಟ್ಟ ಎಂದು ಅವಳು ಕೂಗಿದ್ದು ಅವನಿಗೆ ಕೇಳಲಿಲ್ಲ. ಅವಳಿಗೆ ಗಾಡಿ ಬಿಡಲು ಬಾರದು. ಕೈಗೆ ಸಿಕ್ಕಿದ್ದನ್ನು ಎಳೆದಳು, ಸ್ಟೇರಿಂಗು ತಿರುಚಿದಳು, ಹ್ಯಾಂಡ್‌ಬ್ರೇಕಿನ ಮೇಲೆ ಮೈಭಾರವನ್ನೆಲ್ಲ ಹಾಕಿದಳು. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಕಿರ್ರೆಂದು ವ್ಯಾನು ನಿಂತಿತು. ಹಿಂದಿನ ಬಾಗಿಲು ಬಿಚ್ಚಿ ನೀಲಿ ಥಾನೊಂದು ಉರುಳಿ ಸೇತುವೆಯ ಉದ್ದಕ್ಕೂ ಹಾಸಿಕೊಂಡಿತು. ಕೆಳಗೆ ನೀರು ಕಾಣುತ್ತಿತ್ತು.

"…ಬಾಲ ಅಲ್ಲಾಡಿಸ್ಕೊಂಡು ಓಡಿ ಬರುತ್ತೆ," ಎಂದ ಅವನು. ಆಮೇಲೆ ಸುತ್ತ ನೋಡಿ, "ಯಾಕಕ್ಕಾ, ಗಾಡಿ ಯಾಕೆ ನಿಂತಿದೆ?"

ನೀರಿನ ಭಯ ಒಂದು ಕಡೆ ಇರಲಿ, ಆ ಮಾತು ಬಿಟ್ಟ ಕಡೆಯಿಂದಲೇ ಹಾಗೆ ಮುಂದುವರಿಯಿತಲ್ಲ, ನಡುವೆ ಏನೂ ನಡೆದೇ ಇಲ್ಲವೆಂಬಂತೆ, ಅದು ಅವಳ ಎದೆಯಲ್ಲಿ ಮುಳ್ಳಾಗಿ ನಿಂತಿತು. ಅವನು ಇಳಿದು ನೋಡಿ, ನಿದ್ದೆಯ ಜೊಂಪು ಹತ್ತಿರಬೇಕು, ಯಾರಿಗೂ ಹೇಳಬೇಡ ಎಂದ. ಅಕ್ಕ ತಮ್ಮ ಇಬ್ಬರೂ ಸೇರಿ ರಸ್ತೆಯ ಮೇಲಿನ ಬಟ್ಟೆ ಸುತ್ತಿಕೊಂಡರು. ಡಾಕ್ಟರಿಗೆ ತೋರಿಸು ಎಂದಳು, ಆಯಿತು ಎಂದ. ಆಯಿತು ಎಂದವನು ಎಂದೂ ಹೋಗುವುದಿಲ್ಲ, ಅದು ಎಲ್ಲ ಮನೆಯಲ್ಲೂ ಇದ್ದದ್ದೇ.

ಅಂದಿನಿಂದ ಅವಳಿಗೆ ಹೊಸ ಹೆದರಿಕೆಯೊಂದು ಅಂಟಿಕೊಂಡಿತು. ತಮ್ಮ ಮಾತಾಡುತ್ತಿದ್ದರೆ ಅವಳು ಮಾತು ಕೇಳುತ್ತಿರಲಿಲ್ಲ, ಮಾತಿನ ನಡುವಿನ ಬಿಡುವನ್ನು ಕೇಳುತ್ತಿದ್ದಳು. ಅವನು ಉಗುಳು ನುಂಗಲು ನಿಲ್ಲಿಸಿದರೂ ಇವಳ ಎದೆ ಝಲ್ಲೆನ್ನುತ್ತಿತ್ತು. ಒಮ್ಮೆ ಊಟಕ್ಕೆ ಕೂತಾಗ ಮತ್ತೆ ಅದೇ ಆಯಿತು: ತುತ್ತು ಬಾಯಿಯ ಹತ್ತಿರ ಹೋಗಿ ಅಲ್ಲೇ ನಿಂತಿತು, ಆಮೇಲೆ ಏನೂ ಆಗದವನಂತೆ ಉಂಡ. ಗಾಡಿ ಹೊರಟ ಸದ್ದು ಬೀದಿಯಲ್ಲಿ ಕೇಳಿದರೆ ಅವಳ ಸೂಜಿ ನೆಟ್ಟಗೆ ಹೋಗುತ್ತಿರಲಿಲ್ಲ.

ಹೀಗಿರುವಾಗ ವ್ಯಾನಿನ ಮಾಲೀಕ ವ್ಯಾಪಾರ ಮುಚ್ಚಿ ಬೇರೆ ಊರಿಗೆ ಹೋದ. ತಮ್ಮನ ಕೆಲಸ ಹೋಯಿತು. ಅಯ್ಯೋ ಎನ್ನಬೇಕಾದ ಅಕ್ಕ ಒಳಗೊಳಗೇ ಉಸಿರು ಬಿಟ್ಟಳು. ಆ ನೆಮ್ಮದಿ ಹೆಚ್ಚು ದಿನ ಉಳಿಯಲಿಲ್ಲ. ಶಾಲೆಯ ಬಸ್ಸಿನ ಹಳೆಯ ಡ್ರೈವರು ಮಂಡಿ ನೋವೆಂದು ಕೆಲಸ ಬಿಟ್ಟ, ಪೋಂಪೋಂ ಇದ್ದಾನಲ್ಲ ಎಂದು ಊರೆಲ್ಲ ಒಂದೇ ಬಾಯಲ್ಲಿ ಹೇಳಿತು. ಟೇಲರಕ್ಕನ ತಮ್ಮ, ಚಟವಿಲ್ಲ, ಮಕ್ಕಳೆಂದರೆ ಪ್ರಾಣ, ಇಂಥವನು ಎಲ್ಲಿ ಸಿಗುತ್ತಾನೆ? ಮುಂದಿನ ಸಭೆಯಲ್ಲಿ ತೀರ್ಮಾನ ಮಾಡೋಣ ಎಂದರು ಪೋಸ್ಟ್‌ಮಾಸ್ಟರು. ಅಂಗಡಿಗೆ ಬಂದು, ನಿಮಗೆ ಬೆಂಚು ಕಾದಿದೆ ಎಂದು ತಮಾಷೆ ಬೇರೆ ಮಾಡಿ ಹೋದರು.

ಅವಳು ನಗಲಿಲ್ಲ, ಪಿನ್ನು ಕಚ್ಚಿಕೊಂಡಳು.

ಆ ಸಂಜೆ ತಮ್ಮನ ಮನೆಗೆ ಹೋದಳು. ಅವನ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಬಂದಿತ್ತು. ಹೆಂಡತಿ ಟೀ ಬಗ್ಗಿಸುತ್ತಿದ್ದಳು. ಡಾಕ್ಟರ ಮಾತು ಎತ್ತಿದ ಕೂಡಲೇ ಅವನ ಕಳೆ ಇಳಿಯಿತು. ಗಾಡಿ ಬಿಟ್ಟು ತನಗೆ ಬೇರೇನು ಬರುತ್ತದೆ, ಡಾಕ್ಟರು ಒಂದು ಮಾತು ಅಂದರೆ ಇನ್ನು ಜನ್ಮದಲ್ಲಿ ಯಾರೂ ತನ್ನ ಕೈಗೆ ಗಾಡಿ ಕೊಡುವುದಿಲ್ಲ, ಮುಚ್ಚಳ ಹಿಡಿದುಕೊಂಡು ಓಡಾಡಬೇಕಾ ಈ ವಯಸ್ಸಿನಲ್ಲಿ ಎಂದ. ಆಮೇಲೆ ದನಿ ತಗ್ಗಿಸಿದ.

"ಅಕ್ಕಾ, ನಿನ್ನ ಮೊಮ್ಮಗಳು ಮುಂದಿನ ಸೀಟಲ್ಲೇ ಕೂತಿರ್ತಾಳೆ, ನನ್ನ ಕಣ್ಣೆದುರಿಗೇ. ಅವಳಿಗೆ ಏನಾದ್ರೂ ಆಗೋಕೆ ಬಿಡ್ತೀನಾ ನಾನು?"

ಬಿಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವನು ಇದ್ದರೆ ಬಿಡುವುದಿಲ್ಲ. ಅವನು ಇಲ್ಲದ ಆ ಹೊತ್ತಿನಲ್ಲಿ ಸ್ಟೇರಿಂಗು ಯಾರ ಕೈಯಲ್ಲಿರುತ್ತದೆ? ಇದನ್ನು ಹೇಗೆ ಹೇಳಲಿ ಎಂದು ಅವಳು ಯೋಚಿಸುತ್ತಿರುವಾಗ ಅವನು ಇನ್ನೇನೋ ಹೇಳಲು ಹೋಗಿ ಪದ ಹುಡುಕುತ್ತ ನಿಂತ. ಅದೇ ಕ್ಷಣ ಹೆಂಡತಿಯ ಕೈಯಲ್ಲಿ ಬಗ್ಗುತ್ತಿದ್ದ ಟೀ ತಟ್ಟನೆ ನಿಂತಿತು. ಅವಳು ಪಾತ್ರೆ ಓರೆ ಹಿಡಿದುಕೊಂಡೇ ಗಂಡನ ತುಟಿಯನ್ನು ನೋಡುತ್ತಿದ್ದಳು. ಅವನು ಪದ ಸಿಕ್ಕಿ ಮಾತು ಮುಂದುವರಿಸಿದ, ಟೀ ಮತ್ತೆ ಬಗ್ಗಿತು. ಇವಳಿಗೂ ಗೊತ್ತು ಎಂದುಕೊಂಡಳು ಟೇಲರಕ್ಕ.

ಬೀದಿಯ ತಿರುವಿನವರೆಗೆ ತಮ್ಮನ ಹೆಂಡತಿ ಕಳಿಸಲು ಬಂದಳು. ನೀನು ಎಷ್ಟು ಸಲ ನೋಡಿದ್ದೀಯ ಎಂದು ಕೇಳಿದ್ದಕ್ಕೆ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು.

"ಅತ್ತಿಗೆ, ನೀವು ಏನೂ ಮಾಡೋದು ಬೇಡ. ಸುಮ್ನೆ ಎದ್ದು ಹೋಗಿ ಬೆಂಚಿನ ಮೇಲೆ ಕೂತ್ಕೊಳ್ಳಿ, ಅಷ್ಟು ಸಾಕು. ಮನೇಲಿ ಕೂತು ಕೂತು ಅವರು ಕರಗಿ ಹೋಗ್ತಿದ್ದಾರೆ."

ಸುಮ್ಮನೆ ಎದ್ದು ಹೋಗುವುದು. ಎಷ್ಟು ಸುಲಭ ನೋಡಿ. ನಿಯಮವೂ ಅದನ್ನೇ ಹೇಳುತ್ತದೆ, ತಮ್ಮನೂ ಅದನ್ನೇ ಕೇಳುತ್ತಾನೆ, ಊರೂ ಅದನ್ನೇ ಮೆಚ್ಚುತ್ತದೆ. ಅವಳು ನ್ಯಾಯವಾಗಿ ನಡೆದುಕೊಂಡ ಹಾಗೂ ಆಯಿತು, ಅವನಿಗೆ ಬಸ್ಸಿನ ಕೀಲಿ ಸಿಕ್ಕ ಹಾಗೂ ಆಯಿತು. ಬೆಳಿಗ್ಗೆ ಹಳದಿ ಬಸ್ಸು ಅಂಗಡಿ ಮುಂದೆ ನಿಂತಾಗ ಮೊಮ್ಮಗಳು ಹತ್ತುವುದನ್ನು ನೋಡುತ್ತ ಅವಳಿಗೆ ಇಳಿಜಾರು ಕಾಣುತ್ತಿತ್ತು, ತಿರುವು ಕಾಣುತ್ತಿತ್ತು, ಚಪ್ಪರಿಸುವ ತುಟಿ ಕಾಣುತ್ತಿತ್ತು. ಅಂಗಿಯೊಂದಕ್ಕೆ ಎರಡೂ ಎಡಗೈ ತೋಳನ್ನೇ ಹೊಲಿದಳು. ಗಿರಾಕಿ ಹಾಕಿಕೊಂಡು ನೋಡಿ, ಟೇಲರಕ್ಕ, ನಾನು ಹೋಗ್ತಿದ್ದೀನೋ ಬರ್ತಿದ್ದೀನೋ ಎಂದು ಕೇಳಿದ. ಸಭೆಗೆ ಹೋಗದೆ ಮಲಗಿಬಿಡಲೇ ಎಂದುಕೊಂಡಳು. ಮಂಡಳಿ ಬಿಟ್ಟುಬಿಡಲೇ ಎಂದುಕೊಂಡಳು. ಹಾಗೆ ಮಾಡಿದರೂ ಕುರ್ಚಿ ಖಾಲಿ ಇರುತ್ತದೆ, ಆ ಖಾಲಿ ಕುರ್ಚಿಯೇ ಅವನ ಪರವಾಗಿ ಕೈ ಎತ್ತುತ್ತದೆ. ಕುರ್ಚಿ ಬಿಡದೆ ಕೂತು ಬೇಡವೆಂದರೆ? ತಮ್ಮನ ವಿಷಯದಲ್ಲಿ ಕೂತದ್ದೇ ತಪ್ಪು ಎಂದು ಅವಳ ಮಾತನ್ನೇ ಎತ್ತಿ ಬದಿಗಿಡುತ್ತಾರೆ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಕೊನೆಗೆ ಹೆಡ್‌ಮಿಸ್ಸಿನ ಹತ್ತಿರ ಹೋದಳು. ಮಂಡಳಿಯ ಕಾರ್ಯದರ್ಶಿ ಅವರೇ, ಎಲ್ಲರ ಮುಂದೆ ಗದರುವ ಹೆಂಗಸು, ಒಬ್ಬರೇ ಇದ್ದಾಗ ಮೆದು. ಯಾರೋ ಒಬ್ಬರಿದ್ದಾರೆ ಅಂದುಕೊಳ್ಳಿ ಎಂದು ಶುರು ಮಾಡಿದಳು ಟೇಲರಕ್ಕ. ಅವರಿಗೆ ಸಂಬಂಧಿಕರ ವಿಷಯದಲ್ಲಿ ಏನೋ ಗೊತ್ತಿದೆ ಅಂದುಕೊಳ್ಳಿ. ಅದು ಒಳ್ಳೆಯದಲ್ಲ ಅಂದುಕೊಳ್ಳಿ. ನಿಯಮ ಅವರನ್ನು ಬಾಯಿ ಮುಚ್ಚಿಕೊಂಡು ಹೋಗು ಅನ್ನುತ್ತದೋ ಹೇಗೆ?

ಹೆಡ್‌ಮಿಸ್ಸು ಕನ್ನಡಕ ತೆಗೆದು ಅವಳನ್ನು ನೋಡಿದರು. ಯಾರು ಎಂದು ಕೇಳಲಿಲ್ಲ, ಅದು ಅವರ ದೊಡ್ಡತನ.

"ಬಾಯಿ ಮುಚ್ಚಿಕೊಂಡು ಹೋಗು ಅಂತ ಎಲ್ಲೂ ಇಲ್ಲಮ್ಮ. ಸಂಬಂಧ ಹೇಳಬೇಕು, ಆ ವಿಷಯದಲ್ಲಿ ತನಗೆ ಗೊತ್ತಿರೋದನ್ನೆಲ್ಲ ಹೇಳಬೇಕು, ಆಮೇಲೆ ಹೋಗಬೇಕು. ನಾವು ಮೊದಲನೇದು ಹೇಳ್ತೀವಿ, ಕೊನೇದು ಮಾಡ್ತೀವಿ. ಮಧ್ಯದ್ದನ್ನ ಇಷ್ಟು ವರ್ಷ ಎಲ್ಲರೂ ಸೇರಿ ನುಂಗಿಬಿಟ್ಟಿದ್ದೀವಿ."

ಇದನ್ನು ಕೇಳಿ ಅವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಹೇಳುವ ದಾರಿಯೇ ಇಲ್ಲವೆಂದು ಇಷ್ಟು ದಿನ ಒಂದು ಮರೆಯಿತ್ತು, ಈಗ ಆ ಮರೆಯೂ ಹೋಯಿತು.

ಸಭೆಯ ದಿನ ಮಧ್ಯಾಹ್ನ. ಹೊರಗೆ ಮಕ್ಕಳ ಆಟದ ಗದ್ದಲ, ಶಿಕ್ಷಕರ ಕೋಣೆಯಲ್ಲಿ ಉದ್ದ ಮೇಜು, ಮೇಜಿನ ಸುತ್ತ ಕುರ್ಚಿಗಳು. ಅವಳು ಬರುವಾಗಲೇ ತಮ್ಮ ಬೆಂಚಿನ ಮೇಲೆ ಕೂತಿದ್ದ. ಅವಳೇ ಹೊಲಿದುಕೊಟ್ಟ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಅಕ್ಕನನ್ನು ಕಂಡು ಸ್ವಲ್ಪ ಸರಿದು ಕೂತ, ಅವಳು ಹೊರಗೆ ಬಂದಾಗ ಜಾಗ ಇರಲೆಂದು.

ಆ ಜಾಗ ನೋಡಿ ಅವಳು ಬೇಗ ಬೇಗ ಒಳಗೆ ಹೋದಳು.

ಗೇಟಿನ ರಿಪೇರಿ, ನೀರಿನ ತೊಟ್ಟಿ, ಅದು ಇದು ಮುಗಿದು ಡ್ರೈವರಿನ ಮಾತು ಬಂತು. ಪೋಸ್ಟ್‌ಮಾಸ್ಟರು ಆಗಲೇ ನಗುತ್ತಿದ್ದರು. ಏಳಿ ಟೇಲರಕ್ಕ, ಸಂಬಂಧ ಎಲ್ಲರಿಗೂ ಗೊತ್ತಿರುವುದೇ, ಹೋಗಿ ಕೂತ್ಕೊಳ್ಳಿ ಎಂದರು. ಅವಳು ಎದ್ದಳು. ಕುರ್ಚಿ ಹಿಂದಕ್ಕೆ ತಳ್ಳಿದಳು. ಕಾಲು ಬಾಗಿಲ ಕಡೆ ಹೊರಟೇಬಿಟ್ಟಿತು, ನಿಜ ಹೇಳಬೇಕೆಂದರೆ ಅವಳು ಬಾಗಿಲ ಚಿಲಕದ ಮೇಲೆ ಕೈಯನ್ನೂ ಇಟ್ಟಳು. ಬಾಯಲ್ಲಿ ಪಿನ್ನು ಇಲ್ಲದಿದ್ದರೂ ಇದ್ದ ಹಾಗೆ ತುಟಿ ಬಿಗಿದುಕೊಂಡಿತ್ತು. ಆಗ ಹೆಡ್‌ಮಿಸ್ಸು ತಲೆ ಎತ್ತದೆ, ಮಧ್ಯದ್ದು ಏನಾದರೂ ಇದೆಯಾ ಎಂದು ಕೇಳಿದರು. ಬೇರೆ ಯಾರಿಗೂ ಅದು ಅರ್ಥವಾಗಲಿಲ್ಲ.

ಟೇಲರಕ್ಕ ತಿರುಗಿದಳು.

"ಅವನು ನನ್ನ ತಮ್ಮ. ಬಸ್ಸಲ್ಲಿ ನನ್ನ ಮೊಮ್ಮಗಳೂ ಹೋಗ್ತಾಳೆ, ಅದನ್ನೂ ಹೇಳಬೇಕಲ್ವಾ, ಹೇಳಿದ್ದೀನಿ. ಅವನಿಗೆ ಒಂದೊಂದು ಸಲ… ಕಣ್ಣು ಬಿಟ್ಟುಕೊಂಡೇ ಇರ್ತಾನೆ, ಆದ್ರೆ ಇರಲ್ಲ. ಕರೆದರೆ ಕೇಳಲ್ಲ. ಆಮೇಲೆ ಅವನಿಗೇ ಗೊತ್ತಿರಲ್ಲ. ಸೇತುವೆ ಮೇಲೆ ಗಾಡಿ ಓಡಿಸ್ತಿದ್ದಾಗ ಆಯ್ತು. ನಾನು ಪಕ್ಕದಲ್ಲೇ ಇದ್ದೆ."

ನಗು ನಿಂತಿತು. ಆಟದ ಮೈದಾನದ ಕೂಗು ಒಳಗೆಲ್ಲ ತುಂಬಿಕೊಂಡಿತು. ಬೇಕರಿಯವನು ಮೊದಲು ಬಾಯಿ ಬಿಟ್ಟ. ಸದಸ್ಯರಲ್ಲಿ ಅವನ ನಾಲಿಗೆಯೇ ಚುರುಕು.

"ಅಕ್ಕ ತಮ್ಮ ಏನಾದ್ರೂ ಕಿತ್ತಾಡಿದ್ದೀರಾ? ಮನೆ ಜಗಳ ಇಲ್ಲಿಗೆ ತರಬಾರದು, ಅದೂ ಸ್ವಾರ್ಥಾನೇ ಆಗುತ್ತೆ."

ಪಾಪ, ಅವನು ಕೇಳಿದ್ದೂ ನ್ಯಾಯವೇ. ತಮ್ಮವರನ್ನು ಎತ್ತುವುದಕ್ಕೆ ಮಾತ್ರ ನಿಯಮ, ತುಳಿಯುವುದಕ್ಕೆ ಇಲ್ಲ ಎಂದರೆ ಅದು ಯಾವ ನಿಯಮ?

"ಜಗಳ ಇಲ್ಲಪ್ಪ. ಅವನನ್ನ ಸಾಕಿದವಳು ನಾನು. ನೀವು ನನ್ನ ಮಾತು ನಂಬಬೇಡಿ, ಡಾಕ್ಟರ ಹತ್ರ ತೋರಿಸಿ, ಅವರ ಮಾತು ನಂಬಿ. ನನ್ನ ಮೇಲಿನ ದಾಕ್ಷಿಣ್ಯಕ್ಕೆ ಮಾತ್ರ ಕೈ ಎತ್ತಬೇಡಿ."

ಅಷ್ಟು ಹೇಳಿ ಅವಳು ಚಿಲಕ ಎಳೆದಳು. ಎಳೆದ ಮೇಲೆ ತಿಳಿಯಿತು, ಬಾಗಿಲು ಹಾಕಿಯೇ ಇರಲಿಲ್ಲ. ಅಂಗೈ ಅಗಲ ತೆರೆದುಕೊಂಡಿತ್ತು, ಅದರಾಚೆಗೇ ಬೆಂಚು.

ತಮ್ಮ ಎದುರು ಗೋಡೆಯನ್ನು ನೋಡುತ್ತ ಕೂತಿದ್ದ. ಅವಳಿಗಾಗಿ ಬಿಟ್ಟಿದ್ದ ಜಾಗ ಹಾಗೆಯೇ ಇತ್ತು. ಬೇರೆ ಕಡೆ ಹೋಗುವಂತಿಲ್ಲ, ಕರೆಯುವವರೆಗೆ ಅಲ್ಲೇ ಇರಬೇಕು. ಅವಳು ಕೂತಳು. ಒಳಗೆ ಏನು ನಡೆಯುತ್ತಿದೆಯೋ ತಿಳಿಯದು, ಯಾರೋ ಈ ಸಲ ಬಾಗಿಲನ್ನು ಒತ್ತಿ ಮುಚ್ಚಿದ್ದರು. ಅವಳ ಮಾತನ್ನು ಯಾರೂ ನಂಬದೆ ಅವನಿಗೇ ಕೆಲಸ ಕೊಟ್ಟರೆ ತಮ್ಮನೂ ಹೋದ, ಮಕ್ಕಳ ಗಂಡಾಂತರವೂ ಹೋಗಲಿಲ್ಲ. ಪುಟ್ಟ ಎಂದಳು. ಇನ್ನೊಮ್ಮೆ ಕರೆದಳು. ಅವನು ಅಲುಗಲಿಲ್ಲ.

ಆಗ ಅವಳಿಗೆ ಎಲ್ಲಕ್ಕಿಂತ ದೊಡ್ಡ ಹೆದರಿಕೆ ಹುಟ್ಟಿತು. ಇದು ಕೋಪವೋ, ಇಲ್ಲಾ ಅದೋ? ಕಣ್ಣು ತೆರೆದೇ ಇದೆ. ಕರೆದರೆ ಕೇಳುತ್ತಿಲ್ಲ. ಕೋಪವೇ ಆಗಿರಲಿ ದೇವರೇ, ನನ್ನ ಮುಖ ನೋಡಲಾರದಷ್ಟು ಕೋಪವೇ ಆಗಿರಲಿ ಎಂದು ಬೇಡಿಕೊಂಡಳು. ಬಗ್ಗಿ ಅವನ ತುಟಿ ನೋಡಿದಳು. ತುಟಿ ಚಪ್ಪರಿಸುತ್ತಿರಲಿಲ್ಲ, ಹಲ್ಲು ಕಚ್ಚಿ ಬಿಗಿಹಿಡಿದಿತ್ತು. ಕಣ್ಣಂಚಿನಲ್ಲಿ ನೀರು ತುಂಬಿ ಒಂದು ಹನಿ ಬಿಳಿ ಅಂಗಿಯ ಕಾಲರಿನ ಮೇಲೆ ಬಿತ್ತು. ಇದ್ದಾನೆ, ಇಲ್ಲೇ ಇದ್ದಾನೆ ಎಂದು ಅವಳಿಗೆ ಗೊತ್ತಾಯಿತು.

"ರಸ್ತೆಗೆ ಬಿಡಬೇಡ ಅಂತ ಅಮ್ಮ ಹೇಳ್ತಿದ್ಳಲ್ಲ," ಎಂದ ಅವನು, ಗೋಡೆಗೆ ಹೇಳುವವನಂತೆ. "ಕೊನೆಗೂ ಕಟ್ಟಿಹಾಕಿಬಿಟ್ಟೆಯಲ್ಲಕ್ಕಾ."

ಅವಳು ಹೇಳುವುದನ್ನೆಲ್ಲ ಒಳಗೆ ಹೇಳಿ ಬಂದಿದ್ದಳು.

ಬಾಗಿಲು ತೆರೆಯಿತು. ಪೋಸ್ಟ್‌ಮಾಸ್ಟರು ಯಾರನ್ನೂ ನೇರವಾಗಿ ನೋಡದೆ, ಡಾಕ್ಟರು ಸರಿ ಅನ್ನುವವರೆಗೆ ಸ್ಟೇರಿಂಗು ಕೊಡುವುದಿಲ್ಲವೆಂದೂ, ಡಾಕ್ಟರ ಹತ್ತಿರ ತಾವೇ ಕರೆದುಕೊಂಡು ಹೋಗುತ್ತೇವೆಂದೂ ಹೇಳಿದರು. ತಮ್ಮ ಎದ್ದು ಅಂಗಿಯ ನೆರಿಗೆ ಕೊಡವಿಕೊಂಡು ಗೇಟು ದಾಟಿ ಹೋದ. ಅಕ್ಕನನ್ನು ತಿರುಗಿ ನೋಡಲಿಲ್ಲ.

ಎಷ್ಟೋ ಕಾಲ ಅವನು ಅಂಗಡಿಯ ಕಡೆ ಸುಳಿಯಲಿಲ್ಲ. ಅಂಗಿ ಹರಿದರೆ ಹೆಂಡತಿಯ ಕೈಯಲ್ಲಿ ಕಳಿಸುತ್ತಿದ್ದ. ಅವಳು ಬಂದಾಗ ಸುದ್ದಿ ತಿಳಿಯುತ್ತಿತ್ತು: ಡಾಕ್ಟರು ಅದಕ್ಕೊಂದು ಹೆಸರು ಹೇಳಿದರು, ಗುಳಿಗೆ ಕೊಟ್ಟರು, ಗಾಡಿಯ ಮಾತೇ ಎತ್ತಬೇಡ ಎಂದರು. ಮೊದಮೊದಲು ಗುಳಿಗೆ ನುಂಗಿದೆ ಎಂದು ಹೇಳಿ ಕಿಟಕಿಯಿಂದ ಎಸೆಯುತ್ತಿದ್ದನಂತೆ. ಒಂದು ದಿನ ಮೆಟ್ಟಿಲ ಮೇಲೆ ಬಿದ್ದು ಹಣೆ ಒಡೆದುಕೊಂಡ ಮೇಲೆ ನೆಟ್ಟಗಾದ. ಶಾಲೆಯವರು ಅವನನ್ನು ಬಸ್ಸಿಗೆ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸಕ್ಕೆ ತೆಗೆದುಕೊಳ್ಳೋಣವೇ ಎಂದು ಮತ್ತೆ ಸಭೆ ಕರೆದಾಗ, ಟೇಲರಕ್ಕ ಎದ್ದು ನಿಂತು ಮಧ್ಯದ್ದನ್ನೆಲ್ಲ ಹೇಳಿದಳು. ಗುಳಿಗೆ ಎಸೆದದ್ದು, ಹಣೆ ಒಡೆದದ್ದು, ಮಕ್ಕಳಿಗೆ ಕಥೆ ಹೇಳಿದರೆ ಅವು ಊಟವನ್ನೇ ಮರೆಯುವುದು, ಮುಚ್ಚಳದ ಸ್ಟೇರಿಂಗು, ಹೀಗೆ ಎಷ್ಟು ಹೊತ್ತು ಹೇಳಿದಳೆಂದರೆ ಪೋಸ್ಟ್‌ಮಾಸ್ಟರೇ, ಸಾಕಮ್ಮ, ದಯವಿಟ್ಟು ಹೊರಗೆ ಹೋಗಿ ಎಂದು ಕೈ ಮುಗಿದರು. ಆ ಸಲ ಬೇಕರಿಯವನು ಖಾಲಿ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಟ್ಟನಂತೆ. ಅದನ್ನು ನೋಡುತ್ತಿದ್ದರೆ ತನಗೆ ಯೋಚನೆ ಓಡುವುದಿಲ್ಲ ಎಂದನಂತೆ. ಒಳಗೆ ಜೋರು ಚರ್ಚೆಯೇ ನಡೆಯಿತು. ಬಸ್ಸಿನಲ್ಲಿ ಒಬ್ಬನೇ ಮಕ್ಕಳ ಜೊತೆ ಇರಬಾರದು, ಒಬ್ಬ ಟೀಚರೂ ಇರಬೇಕು ಎಂದು ಕೊನೆಗೆ ಒಪ್ಪಿದರು.

ಕೆಲಸಕ್ಕೆ ಸೇರಿದ ಮೊದಲ ದಿನ ಬಸ್ಸು ಅಂಗಡಿ ಮುಂದೆ ನಿಂತಿತು. ತಮ್ಮ ಇಳಿದು, ಮೊಮ್ಮಗಳನ್ನು ಎತ್ತಿ ಹತ್ತಿಸಿ, ಅಂಗಡಿಯ ಹೊಸಿಲವರೆಗೆ ಬಂದು ನಿಂತ. ಅವಳು ಮೆಷೀನು ತುಳಿಯುತ್ತಿದ್ದಳು.

"ಅಕ್ಕಾ, ಆ ಕುಂಟು ನಾಯಿ ಇತ್ತಲ್ಲ…" ಎಂದ. ಎಂದು ನಿಂತ.

ಮೆಷೀನು ನಿಂತಿತು. ಅವಳ ಕಾಲು ಪೆಡಲಿನ ಮೇಲೆ, ಕಣ್ಣು ಅವನ ತುಟಿಯ ಮೇಲೆ, ಉಸಿರು ಎಲ್ಲಿತ್ತೋ ಅವಳಿಗೇ ಗೊತ್ತಿಲ್ಲ. ಅವನು ಅವಳ ಮುಖವನ್ನು ನೋಡಿದ. ಅವಳು ಇಷ್ಟು ಕಾಲ ಹೀಗೆಯೇ ಹೆದರಿಕೊಂಡಿದ್ದಳೆಂದು ಅವನಿಗೆ ಆಗ ಮೊದಲ ಸಲ ಕಂಡಿರಬೇಕು.

"ಇಲ್ಲೇ ಇದ್ದೀನಿ ಕಣಕ್ಕಾ," ಎಂದ ಮೆಲ್ಲಗೆ. "ಏನು ಹೇಳ್ಬೇಕು ಅಂತ ಯೋಚಿಸ್ತಿದ್ದೆ ಅಷ್ಟೇ."

ಹೊರಗೆ ಡ್ರೈವರು ಹಾರ್ನು ಹೊಡೆದ. ತಮ್ಮ ಓಡಿದ. ಬಸ್ಸು ಏರು ಹತ್ತಿ ಕಾಣದಾಗುವವರೆಗೆ ಅವಳು ಪೆಡಲಿನ ಮೇಲಿನ ಕಾಲು ಅಲುಗಿಸಲಿಲ್ಲ.